ಪಿಯು ಫಲಿತಾಂಶದ ವಾರ: ಯಾವ ಮಕ್ಕಳ ಮೇಲೆ ಕಣ್ಣಿಡಬೇಕು?

ಪ್ರಶ್ನೆ (ಪಿಯು ಉಪನ್ಯಾಸಕಿ):
ದ್ವಿತೀಯ ಪಿಯು ಫಲಿತಾಂಶ ಹತ್ತಿರ ಬಂತು. ಆತ್ಮಹತ್ಯೆಯ ಅಪಾಯ ಯಾರಿಗಿದೆ ಅಂತ ಅಂಕ ನೋಡಿ ಗೊತ್ತಾಗುತ್ತದಾ? ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುವುದಿಲ್ಲವಾ?

ಉತ್ತರ 1 (ಮಕ್ಕಳ ಮನೋವೈದ್ಯೆ):
ಮೇಡಂ, ಅಂಕವೊಂದೇ ಕಾರಣವಾಗುವುದು ಅಪರೂಪ. ತೊಂಬತ್ತೈದು ನಿರೀಕ್ಷಿಸಿ ಎಂಬತ್ತು ಬಂದವರೂ ಕುಸಿಯುತ್ತಾರೆ. ಹಿಂದೊಮ್ಮೆ ಯತ್ನಿಸಿದ್ದರೆ ಅದೇ ಎಲ್ಲಕ್ಕಿಂತ ದೊಡ್ಡ ಸೂಚನೆ. ಆಸ್ಪತ್ರೆಯಿಂದ ಬಂದ ಮೊದಲ ಕೆಲವು ವಾರ ತುಂಬಾ ಸೂಕ್ಷ್ಮ. "ಈಗ ಸರಿಹೋಯ್ತಲ್ಲ" ಅಂತ ಮನೆಯವರು ಸಡಿಲ ಬಿಡುವುದೂ ಆಗಲೇ. ಮನೆಯಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಸಹಪಾಠಿಗಳ ಕಿರುಕುಳ, ಕುಡಿತ, ಹತ್ತಿರದವರ ಆತ್ಮಹತ್ಯೆ, ಇವು ಒಂದರ ಮೇಲೊಂದು ಕೂಡಿದಷ್ಟೂ ಅಪಾಯ ಹೆಚ್ಚು.

ಖಿನ್ನತೆ ಈ ವಯಸ್ಸಿನಲ್ಲಿ ಎಷ್ಟೋ ಸಲ ಅಳುವಾಗಿ ಕಾಣುವುದಿಲ್ಲ, ಸಿಡುಕಾಗಿ ಕಾಣುತ್ತದೆ. "ಕೊಬ್ಬು ಜಾಸ್ತಿ" ಅಂತ ಬೈಸಿಕೊಳ್ಳುವ ಹುಡುಗ ರಾತ್ರಿ ನಿದ್ದೆ ಮಾಡುತ್ತಿದ್ದಾನಾ, ಊಟ ಬಿಟ್ಟಿದ್ದಾನಾ, ಆಟಕ್ಕೆ ಹೋಗುವುದು ನಿಲ್ಲಿಸಿದ್ದಾನಾ ವಿಚಾರಿಸಿ. ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, "ನಾನಿಲ್ಲದಿದ್ದರೆ ನಿಮಗೇ ನಿರಾಳ" ಎನ್ನುವುದು ತುರ್ತಿನ ಲಕ್ಷಣ.

ಕೇಳಿದರೆ ಯೋಚನೆ ಹುಟ್ಟುವುದಿಲ್ಲ, ಧೈರ್ಯವಾಗಿ ಕೇಳಿ. ಒಂಟಿಯಾಗಿ ಕೂರಿಸಿಕೊಂಡು, "ಸತ್ತುಹೋಗಬೇಕು ಅಂತ ಅನ್ನಿಸಿದ್ದುಂಟಾ?" ಎನ್ನಿ. ಹೌದೆಂದರೆ, ಹೇಗೆ, ಯಾವಾಗ ಅಂತ ಯೋಚಿಸಿದ್ದುಂಟಾ ಎಂದೂ ಕೇಳಿ. ಅದಕ್ಕೂ ಉತ್ತರವಿದ್ದರೆ ಕ್ಷಣವೂ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. "ಯಾರಿಗೂ ಹೇಳಲ್ಲ" ಅಂತ ಮಾತು ಮಾತ್ರ ಕೊಡಬೇಡಿ.

ಉತ್ತರ 2 (ಸಮುದಾಯ ಆರೋಗ್ಯ ಕಾರ್ಯಕರ್ತ):
ಮನೆಯವರಿಗೆ ಮೊದಲು ಹೇಳಬೇಕಾದ್ದು: ಕೀಟನಾಶಕ, ಅಜ್ಜ-ಅಜ್ಜಿಯ ಮಾತ್ರೆ ಎಲ್ಲಕ್ಕೂ ಬೀಗ ಹಾಕಿ, ಬೀಗದ ಕೈ ದೊಡ್ಡವರ ಹತ್ತಿರವೇ ಇರಲಿ. ಈ ವಯಸ್ಸಿನಲ್ಲಿ ಆವೇಶ ಏರುವುದೂ ಬೇಗ, ಇಳಿಯುವುದೂ ಬೇಗ. ಆ ಹೊತ್ತು ದಾಟಿದರೆ ಎಷ್ಟೋ ಜೀವ ಉಳಿಯುತ್ತವೆ. ಶ್ರೀಲಂಕಾ ಅತಿವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಅಲ್ಲಿ ಆತ್ಮಹತ್ಯೆ ಬಹಳ ಇಳಿಯಿತು.

ಪೊಲೀಸ್ ಕೇಸಿನ ಭಯಕ್ಕೆ ಹಿಂದಿನ ಯತ್ನವನ್ನು ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಬೇರೆ ರೀತಿ ಸಾಬೀತಾಗದ ಹೊರತು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಆದ್ದರಿಂದ ಶಿಕ್ಷೆ ಇರುವುದಿಲ್ಲ. ಇದನ್ನು ತಿಳಿಸಿದರೆ ಬಾಯಿ ಬಿಡುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು-ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಪ್ರಶ್ನೆ ಕೇಳಿದವರು:
ಫಲಿತಾಂಶದ ದಿನ ಅಪ್ಪ-ಅಮ್ಮ ಬೈದು ಮೊಬೈಲ್ ಕಿತ್ತುಕೊಳ್ಳುವುದು ಮಾಮೂಲು. ಏನು ಹೇಳಲಿ?

ಉತ್ತರ 1:
ಆ ರಾತ್ರಿ ಬೈಗುಳವೂ ಬೇಡ, ಹೋಲಿಕೆಯೂ ಬೇಡ. ಸ್ನೇಹಿತರ ಹತ್ತಿರ ಅಳಲು ಮಕ್ಕಳಿಗಿರುವ ದಾರಿ ಆ ಮೊಬೈಲೇ ಇರಬಹುದು. ಎಲ್ಲರೂ ಒಟ್ಟಿಗೆ ಊಟ ಮಾಡಿ, ಯಾರಾದರೂ ಅದೇ ಕೋಣೆಯಲ್ಲಿ ಮಲಗಲಿ. ಮತ್ತೆ ಬರೆಯಲು ಪರೀಕ್ಷೆ-2 ಇದೆ ಅನ್ನುವುದನ್ನು ಮಾರನೆಯ ದಿನ ಹೇಳಿದರೆ ಸಾಕು.