ರೋವರ್ ಕ್ಯಾಮೆರಾಗಳನ್ನು ಮರುಭೂಮಿಯಲ್ಲಿ ಪರೀಕ್ಷಿಸುವುದೇಕೆ?

ಪ್ರಶ್ನೆ: ಪ್ರಯೋಗಾಲಯದಲ್ಲಿ ಬೆಳಕನ್ನೂ ದೂರವನ್ನೂ ಬೇಕಾದಂತೆ ಹೊಂದಿಸಿಕೊಳ್ಳಲು ಸಾಧ್ಯವಿರುವಾಗ, ಮಂಗಳಕ್ಕೆ ಹೋಗಲಿರುವ ರೋವರ್‌ಗಳ ಕ್ಯಾಮೆರಾಗಳನ್ನು ಅಟಕಾಮದಂತಹ ಮರುಭೂಮಿಗೆ ಒಯ್ಯುವುದರಿಂದ ಹೆಚ್ಚಿಗೆ ತಿಳಿಯುವುದೇನು? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಪ್ರಯೋಗಾಲಯದ ಪರೀಕ್ಷಾ ಫಲಕದಲ್ಲಿ ಗೆರೆಗಳು ಸ್ಪಷ್ಟವಾಗಿರುತ್ತವೆ, ಬಯಲಿನಲ್ಲಿ ಹಾಗಿರುವುದಿಲ್ಲ. ಎರಡು ಕ್ಯಾಮೆರಾಗಳ ಚಿತ್ರಗಳಲ್ಲಿ ಒಂದೇ ಬಿಂದುವನ್ನು ಗುರುತಿಸಿ ದೂರವನ್ನು ಲೆಕ್ಕ ಹಾಕುವ ತಂತ್ರಾಂಶವು, ಯಾವ ಗುರುತೂ ಇಲ್ಲದ ನುಣುಪು ಮರಳಿನ ಮೇಲೆ ಅಥವಾ ಇಳಿಹೊತ್ತಿನಲ್ಲಿ ಕಲ್ಲುಗಳ ನೆರಳು ಉದ್ದವಾಗಿ ಚಾಚಿದಾಗ ತಡವರಿಸುತ್ತದೆ. 2013ರಲ್ಲಿ ಅಟಕಾಮದಲ್ಲಿ ನಡೆದ ಸೇಫರ್ ಪರೀಕ್ಷೆ (ಮಂಗಳದ ರೋವರ್ ಕೆಲಸದ ತಾಲೀಮು) ನನಗೆ ಮುಖ್ಯವೆನಿಸುವುದು ಇನ್ನೊಂದು ಕಾರಣಕ್ಕೆ: ಬ್ರಿಡ್ಜೆಟ್ ಎಂಬ ರೋವರ್ ಚಿಲಿಯಲ್ಲಿತ್ತು, ಅದನ್ನು ನಡೆಸುವ ತಂಡವೋ ಬ್ರಿಟನ್ನಿನ ಹಾರ್ವೆಲ್‌ನಲ್ಲಿ ಕುಳಿತು, ಬಂದ ಚಿತ್ರಗಳನ್ನೂ ನೆಲದಡಿಯನ್ನು ತೋರುವ ರೇಡಾರ್ ದತ್ತಾಂಶವನ್ನೂ ನೆಚ್ಚಿ ನೆಲವನ್ನು ಎಲ್ಲಿ ಕೊರೆಯಬೇಕೆಂದು ತೀರ್ಮಾನಿಸಬೇಕಿತ್ತು.

ಉತ್ತರ 2: ಮರುಭೂಮಿಯ ಪರೀಕ್ಷೆಗೊಂದು ಮಿತಿಯೂ ಇದೆ. ಮಂಗಳಕ್ಕೆ ತಲುಪುವ ಬಿಸಿಲು ಭೂಮಿಯದರ ಸುಮಾರು 43% ಮಾತ್ರ. ಜೊತೆಗೆ ಅಲ್ಲಿನ ಧೂಳು ಆಕಾಶದ ಬೆಳಕಿಗೇ ಕೆಂಬಣ್ಣ ಕೊಡುತ್ತದೆ. ಆದ್ದರಿಂದ ರೋವರ್ ಮೇಲೆಯೇ ಗೊತ್ತಾದ ಬಣ್ಣಗಳ ಮಾಪನ ಫಲಕವನ್ನು ಕೂರಿಸಿ, ಅದರ ಚಿತ್ರವನ್ನು ಆಧರಿಸಿ ಬಂಡೆಗಳ ಬಣ್ಣವನ್ನು ಸರಿಪಡಿಸುತ್ತಾರೆ. ಚಳಿ ಮತ್ತು ಕಡಿಮೆ ಒತ್ತಡದ ಪರೀಕ್ಷೆಗೆ ನಿರ್ವಾತ ಕೋಣೆಯೇ ಬೇಕು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಆ ಫಲಕದ ಮೇಲೆಯೇ ಧೂಳು ಕುಳಿತರೆ?

ಉತ್ತರ 2: ಮಂಗಳದಲ್ಲಿರುವ ನಾಸಾ ರೋವರ್ ಪರ್ಸಿವಿಯರೆನ್ಸ್‌ನ ಫಲಕದಲ್ಲಿ ಬಣ್ಣದ ಬಿಲ್ಲೆಗಳ ಅಡಿಯಲ್ಲಿ ಉಂಗುರಾಕಾರದ ಅಯಸ್ಕಾಂತಗಳಿವೆ. ಅವು ಕಾಂತೀಯ ಧೂಳನ್ನು ಉಂಗುರದತ್ತ ಸೆಳೆದುಕೊಂಡು ಬಿಲ್ಲೆಯ ನಡುಭಾಗವನ್ನು ಬಹುಮಟ್ಟಿಗೆ ಶುಚಿಯಾಗಿಡುತ್ತವೆ.