ಇಂಟರ್‌ವ್ಯೂನಲ್ಲಿ ಕಣ್ಣು ತಗ್ಗಿಸಿದ್ರೆ ಸುಳ್ಳು ಹೇಳ್ತಿದಾರೆ ಅಂತಾನಾ?

ಜಗಳೂರು ಕಡೆಯೋನು:
ನನ್ ತಂಗಿ ದಾವಣಗೆರೇಲಿ ಇಂಜಿನಿಯರಿಂಗ್ ಫೈನಲ್ ಇಯರು. ಹೋದ್ ವಾರ ಕಾಲೇಜಿಗೆ ಪ್ಲೇಸ್‌ಮೆಂಟ್ ಟ್ರೈನಿಂಗ್ ಅಂತ ಒಬ್ರು ಬಂದು ದಿನಪೂರ್ತಿ ಬಾಡಿ ಲ್ಯಾಂಗ್ವೇಜ್ ಪಾಠ ಮಾಡಿ ಹೋಗಿದಾರೆ. ನಾವಾಡೋ ಮಾತಿಗೆ ಬರೀ 7 ಪರ್ಸೆಂಟ್ ಬೆಲೆಯಂತೆ, ಧ್ವನಿಗೆ 38, ಮುಖ ಮೈಕೈಗೆ 55. ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ಲಿಲ್ಲ ಅಂದ್ರೆ ಸುಳ್ಳು ಹೇಳ್ತಿದೀರ ಅಂತ ಅರ್ಥವಂತೆ, ತಲೆ ಆ ಕಡೆ ಈ ಕಡೆ ಆಡಿಸ್ಲೇಬಾರದಂತೆ. ಇವಳು ಈಗ ತಲೆ ಆಡಿಸದೆ "ಹೂಂ" ಅನ್ನೋದನ್ನ ಪ್ರಾಕ್ಟೀಸ್ ಮಾಡ್ತಿದಾಳೆ, ನೋಡೋಕೆ ಕತ್ತು ಉಳುಕಿದಂಗೆ ಐತೆ. ಇದೆಲ್ಲ ನಿಜಾನಾ, ಇಲ್ಲ ಸುಮ್ನೆ ಫೀಸ್ ತಗೊಳ್ಳೋಕೆ ಹೇಳೋದಾ? ತಿಳಿದೋರು ಹೇಳ್ರಿ.

ಸೈಕಾಲಜಿ ಎಂಎ:
ಆ 7-38-55 ಲೆಕ್ಕ ಎಲ್ಲಿಂದ ಬಂತು ಹೇಳ್ತೀನಿ ಕೇಳ್ರಿ. ಅಮೆರಿಕದಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಅಂತ ಪ್ರೊಫೆಸರು, 1967ರಲ್ಲಿ ಅವ್ರದ್ದು ಎರಡು ಚಿಕ್ಕ ಪ್ರಯೋಗ ಪ್ರಕಟ ಆದ್ವು. ಒಂದರಲ್ಲಿ ಬಿಡಿ ಬಿಡಿ ಪದಗಳನ್ನ ಬೇರೆ ಬೇರೆ ಧ್ವನೀಲಿ ರೆಕಾರ್ಡ್ ಮಾಡಿ ಕೇಳಿಸಿದ್ದು, ಇನ್ನೊಂದರಲ್ಲಿ "ಮೇಬಿ" ಅನ್ನೋ ಒಂದೇ ಪದ, ಜೊತೆಗೆ ಮುಖದ ಫೋಟೋ. ಕೇಳಿದೋರು ಹೇಳ್ಬೇಕಾಗಿದ್ದು ಇಷ್ಟೇ, ಈ ಮಾತಾಡಿದೋರಿಗೆ ಎದುರಿಗಿರೋರು ಹಿಡಿಸಿದಾರಾ ಇಲ್ವಾ ಅಂತ. ಎರಡನ್ನೂ ಕೂಡ್ಸಿ ಆ ಅಂಕಿ ಮಾಡಿದ್ದು. ಇಷ್ಟ ಅನಿಷ್ಟದ ಮಾತು ಬಿಟ್ಟು ಬೇರೆದಕ್ಕೆ ಇದು ಹೊಂದಲ್ಲ ಅಂತ ಅವ್ರೇ ಹೇಳಿದಾರೆ, ಆದ್ರೆ ಟ್ರೈನಿಂಗ್ ಸ್ಲೈಡಲ್ಲಿ ಆ ಸಾಲು ಬರೋದೇ ಇಲ್ಲ. ಜಾವಾ ಬರುತ್ತಾ ಅಂತ ಕೇಳಿದ್ರೆ 55 ಪರ್ಸೆಂಟ್ ಉತ್ತರ ಮುಖದಲ್ಲೇ ಹೇಳೋಕಾಗುತ್ತಾ?

ಕಣ್ಣಿನ ಕತೆ ಇನ್ನೂ ಬೇರೆ. ಸುಳ್ಳು ಹೇಳೋರು ಹೆಂಗೆ ನಡ್ಕೊಳ್ತಾರೆ ಅಂತ ಬೆಲ್ಲಾ ಡಿಪೌಲೊ ಮತ್ತೆ ಅವ್ರ ಜೊತೆಗಾರರು ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2003ರಲ್ಲಿ ನೋಡಿದ್ರು. ನಿಜ ಹೇಳೋರಿಗಿಂತ ಸುಳ್ಳು ಹೇಳೋರು ಕಣ್ಣು ಜಾಸ್ತಿ ತಪ್ಪಿಸ್ತಾರೆ ಅಂತ ಸಿಗ್ಲೇ ಇಲ್ಲ. 2006ರಲ್ಲಿ ಚಾರ್ಲ್ಸ್ ಬಾಂಡ್ ಜೊತೆ ಸೇರಿ ಇನ್ನೊಂದು ಲೆಕ್ಕ ಹಾಕಿದ್ರು, 24,000ಕ್ಕಿಂತ ಜಾಸ್ತಿ ಜನ ಎದುರಿಗಿರೋರು ಹೇಳಿದ್ದು ಸುಳ್ಳೋ ನಿಜಾನೋ ಅಂತ ಅಂದಾಜು ಮಾಡಿದ್ರಲ್ಲಿ ಸರಿಯಾಗಿದ್ದು 54 ಪರ್ಸೆಂಟ್. ನಾಣ್ಯ ಚಿಮ್ಮಿದ್ರೇ 50 ಬರುತ್ತೆ.

ಸಾಫ್ಟ್‌ಸ್ಕಿಲ್ ಮೇಷ್ಟ್ರು:
ನಾನೂ ಇದೇ ಪಾಠ ಮಾಡೋನು, ಅದ್ಕೆ ಹೇಳ್ತಿದೀನಿ. ಆ 7-38-55ರ ಸ್ಲೈಡ್ ನಾನು ಹಾಕಲ್ಲ, ಆಯ್ತಾ. ಆದ್ರೆ ಮೇಡಂ, ನೀವು ಪೇಪರ್ ಓದಿ ಹೇಳ್ತೀರಿ, ನನ್ ಹುಡುಗ್ರು ಹೊನ್ನಾಳಿ ಚನ್ನಗಿರಿ ಹಳ್ಳಿಗಳಿಂದ ಬಂದೋರು, ಬೆಂಗಳೂರಿಂದ ಬಂದ ಕಂಪನಿಯೋರ ಮುಂದೆ ಕೂತ್ರೆ ಟೇಬಲ್ ನೋಡ್ಕೊಂಡೇ ಉತ್ತರ ಹೇಳ್ತಾರೆ, ಉತ್ತರ ಸರಿ ಇರುತ್ತೆ ಆದ್ರೂ ಸೆಲೆಕ್ಟ್ ಆಗಲ್ಲ. ಸೈನ್ಸ್ ಏನೇ ಹೇಳ್ಲಿ, ಆ ಕಡೆ ಕೂತಿರೋನು ಅದನ್ನ ನಂಬಿದಾನಲ್ಲ! ಅವನಿಗೆ ತಕ್ಕಂಗೆ ನಾವು ತಯಾರಾಗ್ಬೇಕು ತಾನೆ.

ಎಪಿಎಂಸಿ ಕಾಕಾ:
ಮುಖ ನೋಡಿ ಮನುಷ್ಯನ್ನ ಓದ್ತೀನಿ ಅನ್ನೋರನ್ನ ಒಂದ್ಸಲ ದನದ ಸಂತೆಗೆ ಕರ್ಕೊಂಡು ಹೋಗ್ಬೇಕು ನೋಡ್ರಿ. ಹಳೇ ಕಾಲದ ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಿಡ್ಕೊಂಡು ಬೆರಳಲ್ಲೇ ರೇಟು ಮಾತಾಡೋರು, ಹಿಡಿದ ಬೆರಳು ನೂರೋ ಸಾವಿರವೋ ಅನ್ನೋದು ಅವರಿಬ್ಬರಿಗೇ ಗೊತ್ತು, ಸುತ್ತ ನಿಂತೋರಿಗೆ ಗೊತ್ತಾಗ್ಬಾರದು ಅಂತಾನೆ ಟವೆಲ್ಲು. ಕೈ ಕೆಳಗೆ ಅಷ್ಟು ಜಗ್ಗಾಟ ನಡೀತಿದ್ರೂ ಮುಖ ಮಾತ್ರ ಕಲ್ಲು. ನಮ್ಮಪ್ಪ ಎತ್ತು ಹಿಡಿಸಿದ್ರೂ "ಬಿಡು ಹೋಗ್ಲಿ" ಅನ್ನೋ ಮುಖ ಮಾಡ್ಕೊಂಡೇ ನಿಲ್ಲೋರು. ಹಂಗಂದ್ರೆ ನಮ್ಮ ಜನಕ್ಕೆ ಬಾಡಿ ಲ್ಯಾಂಗ್ವೇಜ್ ಬರಲ್ಲ ಅಂತಲ್ಲ ಮೇಷ್ಟ್ರೇ, ಎಲ್ಲಿ ಮುಚ್ಚಬೇಕು ಎಲ್ಲಿ ಬಿಚ್ಚಬೇಕು ಅಂತ ಚೆನ್ನಾಗೇ ಗೊತ್ತೈತೆ. ಈಗ ಯಾರ್ಡಲ್ಲಿ ಮೆಕ್ಕೆಜೋಳಕ್ಕೆ ಕಂಪ್ಯೂಟರ್‌ನಲ್ಲೇ ಟೆಂಡರ್, ಮುಖಾನೂ ಬೇಡ ಕೈಯೂ ಬೇಡ 😄

ವಿದ್ಯಾನಗರದೋಳು:
ನಂದೊಂದು ಪ್ರಶ್ನೆ, ಕಣ್ಣಲ್ಲಿ ಕಣ್ಣಿಡಿ ಅನ್ನೋದು ಹುಡುಗ್ರಿಗೆ ಸರಿ, ಹುಡ್ಗೀರಿಗೆ ಯಾರಾದ್ರೂ ಪೂರ್ತಿ ಹೇಳಿದಾರಾ? ಮನೇಲಿ ದೊಡ್ಡೋರ ಮುಂದೆ ಕಣ್ಣೆತ್ತಿ ಮಾತಾಡಿದ್ರೆ "ಏನೇ ಇವಳು, ಭಾರೀ ಜೋರು". ಬಸ್‌ಸ್ಟ್ಯಾಂಡಲ್ಲಿ ಯಾರನ್ನಾದ್ರೂ ನೇರ ನೋಡಿದ್ರೆ ಅದಕ್ಕೊಂದು ಅರ್ಥ ಹಚ್ಚೋರು ಬೇರೆ. ಇಪ್ಪತ್ತು ವರ್ಷ ನೆಲ ನೋಡೋದು ಕಲಿಸಿ, ಇಪ್ಪತ್ತೊಂದನೇ ವರ್ಷ ಒಂದು ದಿನದ ಟ್ರೈನಿಂಗಲ್ಲಿ "ಕಾನ್ಫಿಡೆನ್ಸ್ ಇಲ್ಲ ಕಣಮ್ಮ ನಿಂಗೆ" ಅಂತಾರೆ.

ಹೆಬ್ಬಾಳ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ ದಾವಣಗೆರೆಯೋನು:
ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾನು ಫಾರಿನ್ ಕ್ಲೈಂಟ್‌ಗಳ ಜೊತೆ ಕೆಲಸ ಮಾಡೋನು, ವಿಡಿಯೋ ಕಾಲಲ್ಲಿ ತಲೆ ಆಡಿಸಿದ್ರೆ ಎಸ್ಸಾ ನೋನಾ ಅಂತ ತಿರುಗಿ ತಿರುಗಿ ಕೇಳ್ತಾರೆ. ನಮ್ಮದು ಒಂದೇ ಅಲ್ಲಾಟದಲ್ಲಿ "ಕೇಳಿಸ್ತೈತೆ", "ಆಯ್ತು", "ನೋಡೋಣ", "ನೀವು ಹೇಳ್ತಿದೀರಲ್ಲ ಅದಕ್ಕೆ ಒಪ್ಕೊಂಡೆ" ಎಲ್ಲಾ ಇರುತ್ತೆ, ಪಾಪ ಅವ್ರಾದ್ರೂ ಏನ್ ಮಾಡ್ತಾರೆ. ಬಲ್ಗೇರಿಯಾದಲ್ಲಿ ತಲೆ ಮೇಲೆ ಕೆಳಗೆ ಆಡಿಸಿದ್ರೆ ಇಲ್ಲ ಅಂತ. ತಲೆಯಾಟಕ್ಕೆ ಲೋಕಕ್ಕೆಲ್ಲ ಒಂದೇ ರೂಲ್ ಇಲ್ಲ. ಅದ್ಕೆ ನಾನೀಗ ತಲೆ ಆಡಿಸ್ತೀನಿ, ಜೊತೆಗೆ ಬಾಯಲ್ಲೂ ಎಸ್ ಅಂತೀನಿ, ಸಮಸ್ಯೆನೇ ಇಲ್ಲ.

ಸಾಫ್ಟ್‌ಸ್ಕಿಲ್ ಮೇಷ್ಟ್ರು:
ನೋಡಿ, ನೀವೂ ಅಡ್ಜಸ್ಟ್ ಮಾಡ್ಕೊಂಡ್ರಿ. ನಾನು ಹೇಳ್ತಿರೋದೂ ಅದೇ.

ಹೆಬ್ಬಾಳ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ ದಾವಣಗೆರೆಯೋನು:
ಅಲ್ಲ ಸರ್, ನಾನು ಒಂದು ಮಾತು ಸೇರಿಸ್ಕೊಂಡೆ. ನೀವು ನಂಬಿಕೆಗೆ ಅರ್ಹ ಅಲ್ಲ ಅಂತ ಯಾರೂ ನಂಗೆ ಹೇಳ್ಲಿಲ್ಲ.

ಸೈಕಾಲಜಿ ಎಂಎ:
ಎದುರಿಗಿರೋರ ತರ ಮಾತಾಡೋಕೆ ಹೋಗೋದು ಸಹಜಾನೇ, ಹೋವರ್ಡ್ ಜೈಲ್ಸ್ ಅನ್ನೋರು 1970ರ ದಶಕದಿಂದ ಇದನ್ನ ಅಕಾಮಡೇಶನ್ ಅಂತ ಬೆಳೆಸಿದಾರೆ. ಆದ್ರೆ ಉಲ್ಟಾನೂ ಆಗುತ್ತೆ. 1977ರಲ್ಲಿ ಬೂರಿಸ್ ಮತ್ತೆ ಜೈಲ್ಸ್ ಬರೆದದ್ದು, ವೇಲ್ಸ್‌ನಲ್ಲಿ ವೆಲ್ಶ್ ಭಾಷೆ ಕಲೀತಿದ್ದೋರ ಹತ್ರ ನಯವಾದ ಇಂಗ್ಲಿಷ್ ಉಚ್ಚಾರಣೆಯೋನು ಒಬ್ಬ "ಸಾಯ್ತಿರೋ ಭಾಷೆ ಯಾಕೆ ಕಲೀತೀರಿ" ಅನ್ನೋ ಅರ್ಥದಲ್ಲಿ ಕೇಳಿದ್ದಕ್ಕೆ ಅವ್ರು ಉತ್ತರ ಹೇಳ್ತಾ ತಮ್ಮ ವೆಲ್ಶ್ ಉಚ್ಚಾರಣೆಯನ್ನ ಇನ್ನೂ ಗಟ್ಟಿ ಮಾಡಿದ್ರು. ಬೆಂಗಳೂರಲ್ಲಿ ನಮ್ಮ "ಐತೆ" ಕೇಳಿ ನಕ್ಕಾಗ ಕೆಲವರು ಬೇಕಂತಾನೆ ಇನ್ನೆರಡು ಸಲ "ಐತೆ" ಅಂತಾರಲ್ಲ, ಅದು.

ಮೇಷ್ಟ್ರು "ಆ ಕಡೆಯೋನು ನಂಬಿದಾನಲ್ಲ" ಅಂದ್ರಲ್ಲ, ಅಲ್ಲೇ ಇರೋದು ತೊಂದರೆ. 1960ರಲ್ಲಿ ವಾಲೇಸ್ ಲ್ಯಾಂಬರ್ಟ್ ಮಾಂಟ್ರಿಯಲ್‌ನಲ್ಲಿ ಒಂದು ಪ್ರಯೋಗ ಪ್ರಕಟ ಮಾಡಿದ್ರು, ಒಬ್ಬನೇ ಮನುಷ್ಯ ಫ್ರೆಂಚಲ್ಲೂ ಇಂಗ್ಲಿಷಲ್ಲೂ ಓದಿದ ರೆಕಾರ್ಡಿಂಗ್, ಕೇಳೋರಿಗೆ ಇಬ್ರೂ ಒಬ್ಬನೇ ಅಂತ ಗೊತ್ತಿಲ್ಲ. ಇಂಗ್ಲಿಷಲ್ಲಿ ಓದಿದಾಗ ಅದೇ ಮನುಷ್ಯ ಹೆಚ್ಚು ಬುದ್ಧಿವಂತ, ಹೆಚ್ಚು ನಂಬಿಗಸ್ತ ಅನ್ನಿಸ್ದ. ಹಂಗೆ ಅಂದೋರಲ್ಲಿ ಫ್ರೆಂಚ್ ಮಾತಾಡೋರೂ ಇದ್ರು! ತಮ್ಮ ಭಾಷೆಯೋನಿಗೇ ಕಡಿಮೆ ಮಾರ್ಕ್ಸ್. ನಮ್ಮೂರೋರೇ ಪ್ಯಾನೆಲ್‌ನಲ್ಲಿ ಕೂತ್ರೆ ಎಲ್ಲಾ ಸರಿ ಹೋಗುತ್ತೆ ಅಂತ ತಿಳ್ಕೊಬೇಡಿ ಅಂತ ಇದನ್ನ ಹೇಳಿದೆ.

ಹೆಚ್‌ಆರ್ ಕೆಲಸದೋಳು:
ಇಷ್ಟೊತ್ತು ಸುಮ್ನೆ ಓದ್ತಿದ್ದೆ. ನಾನು ಹರಿಹರದೋಳು, ಕ್ಯಾಂಪಸ್ ಇಂಟರ್‌ವ್ಯೂ ಮಾಡ್ತೀನಿ. ನಾವೆಲ್ಲ ರಾಕ್ಷಸರಲ್ಲ ಸ್ವಾಮಿ, ದಿನಕ್ಕೆ ಅಷ್ಟು ಜನ ಬಂದ್ರೆ ಎಲ್ಲರ ಮಾತನ್ನೂ ಪೂರ್ತಿ ಕೇಳೋಷ್ಟು ತಾಳ್ಮೆ ಯಾರಿಗೂ ಇರಲ್ಲ, ಆಗ ಮುಖ ನೋಡಿ ತೀರ್ಮಾನ ಮಾಡೋದು ಸುಲಭ ಅಷ್ಟೇ. ಎಲ್ಲರಿಗೂ ಒಂದೇ ಪ್ರಶ್ನೆ, ಪ್ರತಿ ಉತ್ತರಕ್ಕೆ ಆಗಲೇ ಮಾರ್ಕ್ಸ್, ಹಿಂಗೆ ಮಾಡಿದ್ರೆ ಆಯ್ಕೆ ಮೇಲಾಗುತ್ತೆ ಅಂತ ಇಂಟರ್‌ವ್ಯೂ ಬಗ್ಗೆ ನಡೆದ ಸಂಶೋಧನೆಗಳು ಮೊದಲಿಂದ ಹೇಳ್ತಾ ಬಂದಿದಾವೆ. ನಾನು ಹಂಗೇ ಮಾಡ್ತೀನಿ. ಜಗಳೂರು ಅಣ್ಣ, ತಂಗಿಗೆ ಹೇಳಿ, ತಲೆ ಆಡಿಸ್ಲಿ ಪರವಾಗಿಲ್ಲ, ಪ್ರಾಜೆಕ್ಟಲ್ಲಿ ತಾನೇ ಏನ್ ಮಾಡಿದ್ದು ಅಂತ ಬಿಡಿಸಿ ಹೇಳೋದು ರೂಢಿ ಮಾಡ್ಕೊಳ್ಲಿ. ಎಲ್ಲರೂ "ವಿ ಡಿಡ್, ವಿ ಡಿಡ್" ಅಂತಾರೆ, ಯಾರು ಮಾಡಿದ್ದು ಅಂತಾನೇ ಗೊತ್ತಾಗಲ್ಲ.

ಎಪಿಎಂಸಿ ಕಾಕಾ:
"ನಾನು ಮಾಡ್ದೆ" ಅನ್ನೋದೂ ನಮ್ ಕಡೆ ಅಹಂಕಾರ ಅಲ್ವೇನಮ್ಮ? ಅದನ್ನೂ ನೆಲ ನೋಡ್ಕೊಂಡೇ ಹೇಳ್ತೀವಿ.

ವಿದ್ಯಾನಗರದೋಳು:
ಹೆಚ್‌ಆರ್ ಅಕ್ಕ, ಒಂದೇ ಮಾತು. ನಿಮ್ಮ ಮಾರ್ಕ್ಸ್ ಶೀಟಲ್ಲಿ "ಕಾನ್ಫಿಡೆನ್ಸ್" ಅಂತ ಕಾಲಂ ಐತಾ?

ಹೆಚ್‌ಆರ್ ಕೆಲಸದೋಳು:
ಐತೆ.

ವಿದ್ಯಾನಗರದೋಳು:
ಅದನ್ನ ಏನ್ ನೋಡಿ ತುಂಬ್ತೀರಿ?

ಸಾಫ್ಟ್‌ಸ್ಕಿಲ್ ಮೇಷ್ಟ್ರು:
ಇದಕ್ಕೆ ಉತ್ತರ ಬಂದ್ರೆ ನನ್ನನ್ನೂ ಟ್ಯಾಗ್ ಮಾಡಿ ಮೇಡಂ, ಸೋಮವಾರ ಕ್ಲಾಸ್ ಐತೆ.