ಹಳೆಯ ಪೆಟ್ರೋಲ್ ಟ್ಯಾಂಕ್ ಸೋರುತ್ತಿದೆ, ವೆಲ್ಡಿಂಗ್‌ಗೆ ಕೊಡಬಹುದೇ?

ಪ್ರಶ್ನೆ: ಸರ್, ಅಪ್ಪ ಓಡಿಸುತ್ತಿದ್ದ ಮೋಟಾರ್‌ಸೈಕಲ್ ಹನ್ನೊಂದು ವರ್ಷ ಮೂಲೆಯಲ್ಲಿ ನಿಂತಿತ್ತು. ಮತ್ತೆ ರಸ್ತೆಗೆ ಇಳಿಸುವ ಆಸೆ. ಟ್ಯಾಂಕಿನೊಳಗೆ ಟಾರ್ಚ್ ಹಾಕಿ ನೋಡಿದರೆ ಇಟ್ಟಿಗೆ ಬಣ್ಣದ ತುಕ್ಕು. ತಳದಲ್ಲಿ ಪೆಟ್ರೋಲ್ ಕಾಕ್ ಪಕ್ಕದ ಅಂಚಿನಲ್ಲಿ ಒದ್ದೆ ಕಲೆ. ರಾತ್ರಿ ಅಡಿಗೆ ಹಾಸಿದ ಕಾಗದ ಬೆಳಗ್ಗೆ ನೆನೆದಿರುತ್ತದೆ. ಪೆಟ್ರೋಲ್ ಪೂರ್ತಿ ಇಳಿಸಿ, ಮುಚ್ಚಳ ತೆರೆದು ಎರಡು ದಿನ ಬಿಸಿಲಿಗೆ ಇಟ್ಟಿದ್ದೇನೆ. ಈಗ ವಾಸನೆಯೂ ಅಷ್ಟಾಗಿ ಇಲ್ಲ. ಪರಿಚಯದ ವೆಲ್ಡರ್ ಒಬ್ಬರು 'ತಂದುಕೊಡಿ, ಐದು ನಿಮಿಷದ ಕೆಲಸ' ಎನ್ನುತ್ತಾರೆ. ಕೊಡಬಹುದೇ? ಅಥವಾ ಒಳಗೆ ಅಂಟಿ ಗಟ್ಟಿಯಾಗುವ ಸೀಲರ್ ದ್ರವ ಸುರಿದುಬಿಟ್ಟರೆ ಸಾಕೇ?

ಉತ್ತರ: ಕೊಡಬೇಡಿ. ಬೆಸುಗೆ ಹಾಕುವುದು ಐದು ನಿಮಿಷದ ಕೆಲಸವೇ, ಅದರಲ್ಲಿ ಸುಳ್ಳಿಲ್ಲ. ಅದಕ್ಕೆ ಮೊದಲು ಟ್ಯಾಂಕ್ ತೊಳೆಯುವ ಎರಡು ದಿನದ ಕೆಲಸವಿದೆ. ಆ ಎರಡು ದಿನದ ಮಾತೆತ್ತದವರ ಬಳಿಯಿಂದ ಟ್ಯಾಂಕ್ ಎತ್ತಿಕೊಂಡು ಮನೆಗೆ ಬನ್ನಿ.

ಖಾಲಿ ಟ್ಯಾಂಕ್ ಎಂದು ನಾವು ಕರೆಯುವುದು ಖಾಲಿ ಇರುವುದಿಲ್ಲ. ಬೆಂಕಿ ಹಿಡಿಯುವುದು ಪೆಟ್ರೋಲಿನ ಆವಿಗೆ, ಅದೂ ಗಾಳಿಯಲ್ಲಿ ಸುಮಾರು ಶೇ 1.4ರಿಂದ 7.6ರಷ್ಟು ಬೆರೆತಾಗ. ತುಂಬಿದ ಟ್ಯಾಂಕಿನಲ್ಲಿ ಆವಿ ದಟ್ಟವಾಗಿರುತ್ತದೆ, ಉರಿಯಲು ಗಾಳಿ ಸಾಲುವುದಿಲ್ಲ. ನೀವು ಪೆಟ್ರೋಲ್ ಇಳಿಸಿದಾಗ ಆ ಜಾಗಕ್ಕೆ ಗಾಳಿ ನುಗ್ಗಿ ಸರಿಯಾದ ಹದ ಕೂಡುತ್ತದೆ. ಹದಿನೈದು ಲೀಟರಿನ ಟ್ಯಾಂಕಿಗೆ ಒಂದು ಟೀ ಚಮಚ ಪೆಟ್ರೋಲ್ ಆವಿಯಾದರೆ ಸಾಕು, ಅದು ಟ್ಯಾಂಕಲ್ಲ, ಬಾಂಬು.

ಆ ಒಂದು ಚಮಚ ಎಲ್ಲಿರುತ್ತದೆ? ಎರಡು ತಗಡು ಸೇರುವ ಅಂಚಿನ ಮಡಿಕೆಯಲ್ಲಿ, ಹಕ್ಕಳೆಗಟ್ಟಿದ ತುಕ್ಕಿನ ಅಡಿಯಲ್ಲಿ, ಹಳೆಯ ಪೆಟ್ರೋಲ್ ಒಣಗಿ ಉಳಿದ ಗೋಂದಿನಂಥ ಅಂಟಿನಲ್ಲಿ. ಬಿಸಿಲು ಇದನ್ನು ಪೂರ್ತಿ ಹೊರಡಿಸಲಾರದು. ಜ್ವಾಲೆಯ ಕಾವು ತಾಗಿದ ಕ್ಷಣ ಅದು ಆವಿಯಾಗಿ ಏಳುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮೇಲಿನ ಬಾಯಿಯಿಂದ ತಾನಾಗಿ ಹಾರಿಹೋಗದೆ ತಳ ಹಿಡಿದು ಕೂರುತ್ತದೆ. ಇನ್ನು ವಾಸನೆಯ ವಿಚಾರ: ಎರಡು ದಿನದಿಂದ ಅದರ ಪಕ್ಕದಲ್ಲೇ ಓಡಾಡಿದ ಮೂಗು ಸಾಕ್ಷಿಗೆ ಬರುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ನಮ್ಮ ಹಳೆಯ ಮೇಸ್ತ್ರಿ ಸೈಲೆನ್ಸರಿನ ಹೊಗೆಯನ್ನು ಪೈಪಿನಲ್ಲಿ ಟ್ಯಾಂಕಿಗೆ ಬಿಟ್ಟು ವೆಲ್ಡಿಂಗ್ ಮಾಡುತ್ತಿದ್ದರು. ನೀರು ತುಂಬಿಸಿಯೂ ಮಾಡುತ್ತಿದ್ದರು. ಏನೂ ಆಗಿರಲಿಲ್ಲವಲ್ಲ?

ಉತ್ತರ: ಏನೂ ಆಗದವರಷ್ಟೇ ಕಥೆ ಹೇಳಲು ಉಳಿದಿರುತ್ತಾರೆ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದು ಎಂಜಿನ್ ಹೇಗೆ ಓಡುತ್ತಿದೆ ಎಂಬುದರ ಮೇಲೆ ನಿಂತಿದೆ, ಅಳೆಯುವವರು ಯಾರು? ಹೊಗೆಯನ್ನು ನಂಬಬೇಡಿ. ನೀರಿನದು ಬೇರೆ. ತೊಳೆದ ಟ್ಯಾಂಕನ್ನು ತೂತು ಮೇಲೆ ಬರುವಂತೆ ಇಟ್ಟು, ಬೆಸುಗೆಯ ಜಾಗದ ಕೆಳಗೆ ಒಂದೆರಡು ಬೆರಳು ಮಾತ್ರ ಬಿಟ್ಟು ನೀರು ತುಂಬಿಸಿದರೆ ಆವಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಇದು ಒಪ್ಪುವ ಪದ್ಧತಿ. ಆದರೆ ತೊಳೆಯದೆ ನೀರು ತುಂಬಿದರೆ ಪೆಟ್ರೋಲ್ ತೇಲಿ ನೇರ ಬೆಂಕಿಯ ಬಾಯಿಗೇ ಬರುತ್ತದೆ. ಬಿಸಿ ನೀರಿನ ಹಬೆ ಹೋಗಲು ಒಂದು ದಾರಿ ತೆರೆದೇ ಇರಲಿ.

ನಾನು ಮಾಡುವುದು ಹೀಗೆ: ತೊಳೆದ ಮೇಲೆ ಆವಿ ಅಳೆಯುವ ಗ್ಯಾಸ್ ಮೀಟರ್ ಅಂಚುಗಳ ಬಳಿ ಸೊನ್ನೆ ತೋರಿಸಬೇಕು, ಆಮೇಲೆ ಟ್ಯಾಂಕಿಗೆ ಆರ್ಗಾನ್ ಎಂಬ ಉರಿಯದ ಅನಿಲವನ್ನು ನಿಧಾನವಾಗಿ ಬಿಡುತ್ತಾ ಇರುತ್ತೇನೆ, ಅದಾದ ಮೇಲೆಯೇ ಬೆಂಕಿ. ಆ ಮೀಟರಿಗೂ ಕೆಲಸ ಮಾಡಲು ಆಮ್ಲಜನಕ ಬೇಕು, ಆದ್ದರಿಂದ ಆರ್ಗಾನ್ ಬಿಡುವ ಮೊದಲೇ ಅಳೆಯಬೇಕು. ಆರ್ಗಾನ್ ಬದಲು ಅಗ್ನಿಶಾಮಕದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಿಂದ ಊದುವ ಜಾಣರೂ ಇದ್ದಾರೆ. ರಭಸದಿಂದ ನುಗ್ಗುವ ಅದರ ಹಿಮದ ಪುಡಿ ಸ್ಥಿರವಿದ್ಯುತ್ ಹುಟ್ಟಿಸುತ್ತದೆ, ಆರಿಸಲು ತಂದದ್ದೇ ಕಿಡಿ ಹಾರಿಸಬಹುದು.

ಮೊದಲ ಪ್ರಶ್ನೆ ಕೇಳಿದವರು: ಹಾಗಾದರೆ ತೊಳೆಯುವುದನ್ನು ನಾನೇ ಮಾಡಬಹುದೇ? ಹೇಗೆ?

ಉತ್ತರ: ಧಾರಾಳವಾಗಿ ಮಾಡಬಹುದು. ಬಯಲಲ್ಲಿ ಮಾಡಿ. ಹತ್ತಿರದಲ್ಲಿ ಒಲೆ, ಬೀಡಿ, ಗ್ರೈಂಡರ್, ಸ್ವಿಚ್ಚು ಯಾವುದೂ ಬೇಡ. ಕಾಕ್, ಮುಚ್ಚಳ, ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್ ಎಲ್ಲವನ್ನೂ ಕಳಚಿ. ಬಿಸಿ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಧಾರಾಳವಾಗಿ ಹಾಕಿ ತುಂಬಿಸಿ, ಕುಲುಕಿ, ಕೆಲವು ಗಂಟೆ ಬಿಟ್ಟು ಚೆಲ್ಲಿ. ಚೆಲ್ಲಿದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಾಣದಾಗುವವರೆಗೂ ಮತ್ತೆ ಮತ್ತೆ. ಮೊದಲೆರಡು ಸಲದ ನೀರನ್ನು ಚರಂಡಿಗೆ ಬಿಡಬೇಡಿ, ಡಬ್ಬಿಯಲ್ಲಿ ಹಿಡಿದಿಟ್ಟು ಹಳೆಯ ಎಣ್ಣೆ ಸಂಗ್ರಹಿಸುವವರಿಗೆ ಕೊಡಿ.

ತುಕ್ಕು ಬಿಡಿಸಲು ಸೋಪಿನ ನೀರಿನ ಜೊತೆಗೇ ಒಂದು ಮೊಳ ಸಣ್ಣ ಸರಪಳಿ ಹಾಕಿ ಕುಲುಕಿ, ತುದಿಗೆ ತಂತಿ ಕಟ್ಟಿ ಹೊರಗೆ ಬಿಟ್ಟಿರಿ. ಬಿಡಿ ನಟ್‌ಗಳನ್ನು ಹಾಕುವುದಾದರೆ ಎಣಿಸಿ ಹಾಕಿ. ಕಲಿಯುವ ದಿನಗಳಲ್ಲಿ ನಾನು ಇಪ್ಪತ್ತು ಹಾಕಿ ಹತ್ತೊಂಬತ್ತು ತೆಗೆದೆ. ಆ ಗಾಡಿ ಪ್ರತಿ ತಿರುವಿನಲ್ಲೂ ಗೆಜ್ಜೆ ಕಟ್ಟಿಕೊಂಡಂತೆ ಸದ್ದು ಮಾಡುತ್ತಿತ್ತು.

ಉಳಿದ ತುಕ್ಕಿಗೆ ಸಿಟ್ರಿಕ್ ಆಮ್ಲ ಸಾಕು: ಹತ್ತು ಲೀಟರ್ ಬೆಚ್ಚಗಿನ ನೀರಿಗೆ ಅರ್ಧದಿಂದ ಒಂದು ಕಿಲೋ. ಒಂದು ರಾತ್ರಿ ಬಿಡಿ, ಬೆಳಗ್ಗೆ ನೋಡಿ. ಅನಿಲ ಹುಟ್ಟುತ್ತದೆ, ಬಾಯಿಯನ್ನು ಬಿಗಿಯಾಗಿ ಮುಚ್ಚಬೇಡಿ. ಹೈಡ್ರೋಕ್ಲೋರಿಕ್ ಆಮ್ಲ ಬೇಗ ಕೆಲಸ ಮಾಡುತ್ತದೆ, ತೆಳುವಾದ ತಗಡನ್ನೂ ಅಷ್ಟೇ ಬೇಗ ತಿನ್ನುತ್ತದೆ. ಕೊನೆಗೆ ಅಡುಗೆ ಸೋಡಾ ಕಲಸಿದ ನೀರಿನಿಂದ ಆಮ್ಲ ಕಳೆದು, ಶುದ್ಧ ನೀರಿನಲ್ಲಿ ಜಾಲಿಸಿ, ಕೂಡಲೇ ಗಾಳಿ ಊದಿ ಒಣಗಿಸಿ. 'ಕೂಡಲೇ' ಎಂದರೆ ಕೂಡಲೇ. ಬೆತ್ತಲೆ ಕಬ್ಬಿಣ ನಿಮಿಷಗಳಲ್ಲಿ ಅರಿಶಿನ ಬಳಿದಂತೆ ಹೊಸ ತುಕ್ಕು ಹಿಡಿಯುತ್ತದೆ.

ಒಂದು ಎಚ್ಚರಿಕೆ. ತೊಳೆದ ಮೇಲೆ ಒಂದಿದ್ದ ತೂತು ಐದಾಗಿ ಕಾಣಬಹುದು. ನೀವು ಕೆಡಿಸಿದ್ದಲ್ಲ, ಅಷ್ಟು ದಿನ ತುಕ್ಕೇ ಅವನ್ನು ಮುಚ್ಚಿತ್ತು.

ಇನ್ನೊಬ್ಬರ ಪ್ರಶ್ನೆ: ಬ್ಯಾಟರಿ ಚಾರ್ಜರ್ ಕೊಟ್ಟು ವಾಷಿಂಗ್ ಸೋಡಾ ನೀರಿನಲ್ಲಿ ತುಕ್ಕು ಬಿಡಿಸುವ ವಿಧಾನ ಹೇಗೆ?

ಉತ್ತರ: ಚೆನ್ನಾಗಿದೆ. ಟ್ಯಾಂಕಿಗೆ ಋಣ ತಂತಿ, ಒಳಗೆ ಇಳಿಬಿಟ್ಟ ಸಾದಾ ಕಬ್ಬಿಣದ ಸಲಾಕೆಗೆ ಧನ ತಂತಿ, ಎರಡೂ ಒಂದಕ್ಕೊಂದು ತಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ಸಲಾಕೆ ಖಂಡಿತ ಬೇಡ, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಕಿಡಿ ತಾಗಿದರೆ ಹೊತ್ತುವ ಹೈಡ್ರೋಜನ್ ಗುಳ್ಳೆ ಏಳುತ್ತಿರುತ್ತದೆ, ಆದ್ದರಿಂದ ಮೊದಲು ಚಾರ್ಜರ್ ಆರಿಸಿ, ಆಮೇಲೆ ತಂತಿ ಕಳಚಿ.

ಮೊದಲ ಪ್ರಶ್ನೆ ಕೇಳಿದವರು: ಮೂರು ತೂತು ಸಿಕ್ಕಿವೆ, ಎಲ್ಲವೂ ಸೂಜಿ ಮೊನೆಯಷ್ಟು. ಈಗ ಸೀಲರ್ ಸುರಿಯಲೇ?

ಉತ್ತರ: ಮೊದಲು ಸ್ಕ್ರೂಡ್ರೈವರಿನ ತುದಿಯಿಂದ ಸುತ್ತಲೂ ಒತ್ತಿ ನೋಡಿ. ತಗಡು ಬಳುಕಿದರೆ, ತುದಿ ಒಳಗೆ ಹೊಕ್ಕರೆ, ಆ ಜಾಗ ಕತ್ತರಿಸಿ ಹೊಸ ತಗಡು ಕೂಡಿಸಬೇಕು. ಅದು ವೆಲ್ಡರ್ ಕೆಲಸ. ಗಟ್ಟಿಯಿದ್ದರೆ ಸೂಜಿ ತೂತಿಗೆ ಸೀಸ-ತವರದ ಬೆಸುಗೆ ನನಗೆ ಇಷ್ಟ. ಅದು 183 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ದೂರದಲ್ಲಿ ಕಾಯಿಸಿ ತಂದ ದಪ್ಪ ತಾಮ್ರದ ಸಾಲ್ಡರಿಂಗ್ ಕಡ್ಡಿ ಸಾಕು, ಜ್ವಾಲೆ ಟ್ಯಾಂಕಿನ ಬಳಿ ಸುಳಿಯುವುದೇ ಇಲ್ಲ. ಕಡ್ಡಿಯೂ ಆವಿ ಹೊತ್ತಿಸುವಷ್ಟು ಕಾದಿರುತ್ತದೆ, ಹಾಗಾಗಿ ತೊಳೆಯುವ ಶಿಸ್ತಿನಲ್ಲಿ ರಿಯಾಯಿತಿ ಇಲ್ಲ. ಹೊರಗಿನಿಂದ ಎಪಾಕ್ಸಿ ಪುಟ್ಟಿ ಮೆತ್ತುವುದು, ಸೋಪು ಉಜ್ಜುವುದು ಇವೆಲ್ಲ ದಾರಿ ಮಧ್ಯೆ ಸೋರಿದಾಗ ಮನೆ ಮುಟ್ಟಲು.

ಸೋರಿಕೆ ಪರೀಕ್ಷಿಸುವಾಗ ಕಂಪ್ರೆಸರಿನ ಪೂರ್ಣ ಒತ್ತಡ ಬಿಡಬೇಡಿ, ಟ್ಯಾಂಕ್ ಉಬ್ಬಿ ಕೂರುತ್ತದೆ. ಸೈಕಲ್ ಪಂಪಿನಲ್ಲಿ ಎರಡು ಪಿಎಸ್‌ಐ ಸಾಕು, ಹೊರಗೆ ಸೋಪಿನ ನೊರೆ ಬಳಿದು ಗುಳ್ಳೆ ನೋಡಿ.

ಸೀಲರ್ ಅದಾದ ಮೇಲೆ, ಅದಕ್ಕೆ ಮೊದಲಲ್ಲ. ಅದು ಒಳಗಿನ ಅಸ್ತರಿ, ತಗಡಿನ ಬದಲಿ ಅಲ್ಲ. ಕಳೆದ ಮಳೆಗಾಲದಲ್ಲಿ ಬಂದ ಒಂದು ಟ್ಯಾಂಕಿನ ಬಾಯಿಗೆ ಚಿಮಟ ಹಾಕಿ ಎಳೆದರೆ ಹಾವಿನ ಪೊರೆಯಂತೆ ಬಿಳಿಯ ಸಿಪ್ಪೆ ಅಂಗೈಯಗಲ ಬಿಚ್ಚಿಕೊಂಡು ಬಂತು, ಅದರ ಬೆನ್ನಿಗೆ ತುಕ್ಕಿನ ಪುಡಿ ಹಾಗೇ ಅಂಟಿತ್ತು. ತೊಳೆಯದೆ ಸುರಿದಿದ್ದರು. ಅದು ಎಥನಾಲ್ ತಾಳದ ಹಳೆಯ ಬಗೆಯ ಸೀಲರ್ ಬೇರೆ. ಡಬ್ಬಿಯ ಮೇಲೆ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಆಗುತ್ತದೆ ಎಂದು ಬರೆದಿರುವ, ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸುವ ಎಪಾಕ್ಸಿಯನ್ನೇ ಕೊಳ್ಳಿ. ಸುರಿದು ಎಲ್ಲ ದಿಕ್ಕಿಗೂ ನಿಧಾನವಾಗಿ ಹೊರಳಿಸಿ, ಮಿಕ್ಕದ್ದನ್ನು ಪೂರ್ತಿ ಬಸಿಯಿರಿ. ಮೂಲೆಯಲ್ಲಿ ಮಡುಗಟ್ಟಿದ್ದು ಒಳಗೊಳಗೆ ಹಸಿಯಾಗಿಯೇ ಉಳಿಯುತ್ತದೆ. ಹೊರಗಿನ ಬಣ್ಣದ ಮೇಲೆ ಬಿದ್ದರೆ ಬಣ್ಣ ಹೋಯಿತೆಂದೇ ಲೆಕ್ಕ, ಟೇಪು ಸುತ್ತಿಡಿ. ಡಬ್ಬಿ ನಾಲ್ಕು ದಿನ ಒಣಗಿಸಿ ಎಂದರೆ ನಾಲ್ಕು ದಿನ.

ಇನ್ನೊಬ್ಬರ ಪ್ರಶ್ನೆ: ನನ್ನದು ಪ್ಲಾಸ್ಟಿಕ್ ಟ್ಯಾಂಕ್. ಇದೇ ಸೀಲರ್ ಆಗುತ್ತದೆಯೇ?

ಉತ್ತರ: ಇಲ್ಲ. ಇಂಥ ಟ್ಯಾಂಕಿನ ಪ್ಲಾಸ್ಟಿಕ್ಕಾದ ಪಾಲಿಎಥಿಲೀನ್‌ಗೆ ಎಪಾಕ್ಸಿ ಅಂಟುವುದಿಲ್ಲ. ಬೇರೆ ಟ್ಯಾಂಕ್ ಹಾಕಿಸಿ.

ಮೊದಲ ಪ್ರಶ್ನೆ ಕೇಳಿದವರು, ಮೂರು ವಾರದ ನಂತರ: ಸೋರಿಕೆ ನಿಂತಿದೆ ಸರ್, ಕಾಗದ ಒಣಗಿಯೇ ಇರುತ್ತದೆ. ಆದರೆ ಹೊಸ ತೊಂದರೆ. ಎಂಟು ಹತ್ತು ಕಿಲೋಮೀಟರ್ ಓಡಿದ ಮೇಲೆ ಎಂಜಿನ್ ಉಸಿರು ಬಿಟ್ಟಂತೆ ನಿಲ್ಲುತ್ತದೆ. ಮುಚ್ಚಳ ತೆರೆದರೆ 'ಸುಸ್' ಎಂದು ಸದ್ದು, ಆಮೇಲೆ ಸರಾಗವಾಗಿ ಹೊರಡುತ್ತದೆ.

ಉತ್ತರ: ಆ 'ಸುಸ್' ಟ್ಯಾಂಕ್ ಗಾಳಿ ಎಳೆದುಕೊಂಡ ಸದ್ದು. ಪೆಟ್ರೋಲ್ ಇಳಿದಂತೆ ಒಳಕ್ಕೆ ಗಾಳಿ ಬರುವ ದಾರಿ ಮುಚ್ಚಿದೆ. ನಿಮ್ಮ ಟ್ಯಾಂಕಿನಲ್ಲಿ ಬಾಯಿಯ ಹತ್ತಿರದಿಂದ ತಳಕ್ಕೆ ಹೋಗುವ ಸಣ್ಣ ಕೊಳವೆ ಇದ್ದರೆ ಅದರೊಳಗೆ ಸೀಲರ್ ಗಟ್ಟಿಯಾಗಿದೆ, ಕೊಳವೆ ಇಲ್ಲದಿದ್ದರೆ ಮುಚ್ಚಳದ ತೂತು ನೋಡಿ. ಸುರಿಯುವ ಮೊದಲು ಕೊಳವೆಗೆ ಬೆಣೆ ಹಾಕಿ ಎಂದು ನಾನೇ ಹೇಳಬೇಕಿತ್ತು, ಮರೆತೆ. ಟ್ಯಾಂಕ್ ಇಳಿಸಿ, ಪೆಟ್ರೋಲ್ ಬಸಿದು, ಹಳೆಯ ಕ್ಲಚ್ ಕೇಬಲ್ಲಿನ ಎಳೆಯನ್ನು ಕೈಯಿಂದಲೇ ತಿರುಗಿಸುತ್ತಾ ಕೊಳವೆಯಲ್ಲಿ ತೂರಿಸಿ. ಡ್ರಿಲ್ ಹಿಡಿದು ಮಾತ್ರ ಹೋಗಬೇಡಿ, ಈಗ ಅದು ಮತ್ತೆ ಪೆಟ್ರೋಲ್ ಕುಡಿದ ಟ್ಯಾಂಕ್.